ಮೇಷ್ಟ್ರ ಹೆಸರಲ್ಲಿ ಇನ್ಯಾರೋ

ನಮ್ಮೂರಲ್ಲಿ ಒಬ್ಬರ ಗುರುತನ್ನ ಇನ್ನೊಬ್ಬರು ಕದಿಯೋಕೆ ಸಾಧ್ಯವೇ ಇಲ್ಲ. ಅರಸೀಕೆರೆ ಕಡೆಯ ಆ ಹಳ್ಳಿಗೆ ಹೊಸಬರು ಯಾರೇ ಕಾಲಿಟ್ಟರೂ ಅರಳಿಕಟ್ಟೆ ಮೇಲೆ ಕೂತವರು ಕೇಳೇ ಕೇಳ್ತಾರೆ, "ಯಾರ ಪೈಕಿ ಕಣಪ್ಪ ನೀನು?" ಅಪ್ಪನ ಹೆಸರು, ತಾತನ ಹೆಸರು, ಬೇಕಾದರೆ ತಾತನ ಅಡ್ಡಹೆಸರೂ ಹೇಳಿದ ಮೇಲೇನೇ ಮುಂದಿನ ಮಾತು. ಇದಕ್ಕಿಂತ ಗಟ್ಟಿ ಕೆವೈಸಿಯನ್ನ ನಾನು ಯಾವ ಬ್ಯಾಂಕಲ್ಲೂ ಕಂಡಿಲ್ಲ. ಬೆಂಗಳೂರಲ್ಲಿ ಹಾಗಲ್ಲ ನೋಡಿ. ಇಲ್ಲಿ ನಾವು ಅಂದರೆ ಆಧಾರ್‌ನ 12 ಅಂಕಿ, ಪ್ಯಾನ್‌ನ 10 ಅಕ್ಷರ, ಒಂದು ಓಟಿಪಿ. ಮೂರೂ ಯಾರ ಕೈಲಿದೆಯೋ ಅವನೇ ನಾವು.

ಬಸವನಗುಡಿಯಲ್ಲಿ ನಾನಿರೋ ಮನೆಯ ಓನರ್ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಗಣಿತದವರು. ಕಳೆದ ನವೆಂಬರಲ್ಲಿ ಅವರಿಗೊಂದು ಫೋನ್ ಬಂತು. ನವೆಂಬರ್ ಅಂದರೆ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡೋ ತಿಂಗಳು, ಮೋಸಗಾರರಿಗೂ ಅದು ಗೊತ್ತು. ಆ ಕಡೆಯವನು ಅಚ್ಚ ಕನ್ನಡದಲ್ಲಿ ಮಾತಾಡಿ, ಮೇಷ್ಟ್ರು ನಿವೃತ್ತಿಯಾದ ದಿನಾಂಕವನ್ನೂ ಪಿಂಚಣಿ ನಂಬರನ್ನೂ ತಾನೇ ಓದಿ ಹೇಳಿದನಂತೆ. ಇಷ್ಟು ಗೊತ್ತಿರೋನು ಕಚೇರಿಯವನೇ ಇರಬೇಕು ಅಂದುಕೊಂಡ ಇವರು ಆಧಾರ್, ಪ್ಯಾನ್ ಫೋಟೋ ಕಳಿಸಿದರು. "ಬದುಕಿರೋದಕ್ಕೆ ಸಾಕ್ಷಿ" ಅಂತ ಒಂದು ಸೆಲ್ಫಿ. ಆಮೇಲೆ ಓಟಿಪಿ. ಅರ್ಧ ಗಂಟೆಯಲ್ಲಿ 62 ಸಾವಿರ ಹೋಯ್ತು.

ನನಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು. "ಸಿಮ್ ಬದಲಾಯಿಸಬೇಕಾದ್ರೆ ಏನು ಮಾಡ್ಬೇಕಪ್ಪ?" ಅಂತ ಮೇಲೆ ಬಂದರು. ಮುಖ ನೋಡಿ ಕೂರಿಸಿ ಕೇಳಿದೆ. ಎಲ್ಲ ಹೇಳಿದ ಮೇಲೆ ಒಂದೇ ಮಾತು: "ಮೂವತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟೋನು ನಾನು. ಯಾರಿಗೂ ಹೇಳ್ಬೇಡ, ಅಮೆರಿಕದಲ್ಲಿರೋ ಮಗನಿಗಂತೂ ಬೇಡ."

ಕಳ್ಳನಿಗೆ ಅತಿ ಹೆಚ್ಚು ಲಾಭ ತಂದುಕೊಡೋದು ಈ ನಾಚಿಕೆಯೇ ಅಂತ ನನ್ನ ಅಭಿಪ್ರಾಯ. 1930ಕ್ಕೆ ಫೋನ್ ಮಾಡಿದರೆ ಅವರು ಹಣ ಹೋದ ಖಾತೆಯನ್ನ ಹಿಡಿದು ನಿಲ್ಲಿಸ್ತಾರೆ ನಿಜ, ಆದರೆ ಅಲ್ಲಿಂದ ಇನ್ನೂ ಮುಂದಕ್ಕೆ ಹೋಗದೆ ಉಳಿದಿದ್ದನ್ನ ಮಾತ್ರ. ಎರಡು ದಿನದ ನಂತರ ಸಿಕ್ಕಿದ್ದು 9 ಸಾವಿರ. ಬ್ಯಾಂಕ್ ವಿಚಾರಕ್ಕೆ ಬಂದರೆ, ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ತಪ್ಪು ಮೂರನೆಯವರದ್ದಾಗಿದ್ದು ನಾವು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ಮೇಲೆ ನಷ್ಟ ಬೀಳಲ್ಲ. ಓಟಿಪಿ ನಾವೇ ಕೊಟ್ಟಿದ್ದರೆ, ತಿಳಿಸುವ ಕ್ಷಣದವರೆಗಿನ ನಷ್ಟ ನಮ್ಮದು, ಆಮೇಲಿನದು ಬ್ಯಾಂಕಿನದು. ಅದಕ್ಕೇ ದೂರನ್ನ ಬರವಣಿಗೆಯಲ್ಲಿ ಕೊಟ್ಟು, ದಿನಾಂಕ ಸಮಯದ ಸಮೇತ ಸೀಲ್ ಹಾಕಿಸಿಕೊಂಡು ಬರಬೇಕು. ಕೌಂಟರಲ್ಲಿದ್ದ ಹುಡುಗ "ಆನ್‌ಲೈನಲ್ಲಿ ಹಾಕಿ ಸರ್ ಸಾಕು" ಅಂದ. ಮೇಷ್ಟ್ರು ಹಾಜರಿ ಪುಸ್ತಕಕ್ಕೆ ಸಹಿ ಕಾಯೋ ಹಾಗೆ ನಿಂತೇ ಇದ್ದರು, ಹಾಕಿಸಿಕೊಂಡೇ ಬಂದರು.

ಹಣಕ್ಕಿಂತ ನನಗೆ ಭಯ ಇದ್ದದ್ದು ಆ ಫೋಟೋಗಳ ಬಗ್ಗೆ. ಪಾಸ್‌ವರ್ಡ್ ಲೀಕ್ ಆದರೆ ಬದಲಾಯಿಸಬಹುದು. ಹುಟ್ಟಿದ ತಾರೀಖು, ಮುಖ, ಹೆಬ್ಬೆಟ್ಟು ಬದಲಾಯಿಸೋಕಾಗುತ್ತಾ? 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ ಓಟಿಪಿ ಇಲ್ಲದೆಯೇ ದುಡ್ಡು ಹೋಗಿತ್ತು, ನೆನಪಿರಬಹುದು. ದಾಖಲೆಪತ್ರದಲ್ಲಿದ್ದ ಬೆರಳಚ್ಚಿನಿಂದ ನಕಲಿ ಮಾಡಿ, ಆಧಾರ್ ಆಧಾರಿತ ಪಾವತಿ ಮೂಲಕ ತೆಗೆದಿದ್ದರು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂತ ಪೊಲೀಸರು ಆಗ ಹೇಳಿದ್ದರು. ನಮ್ಮ ಆಫೀಸಲ್ಲಿ ಕೇಳಿ ನೋಡಿದೆ, ಹತ್ತು ಜನ ಇಂಜಿನಿಯರುಗಳಲ್ಲಿ ಇಬ್ಬರು ಮಾಡಿದ್ದರು. ಎಂಆಧಾರ್ ಆಪಲ್ಲಿ ಎರಡು ನಿಮಿಷದ ಕೆಲಸ. ಬೆರಳಚ್ಚು ಬೇಕಾದ ದಿನ ಸ್ವಲ್ಪ ಹೊತ್ತು ತೆಗೆದು ಮತ್ತೆ ಮುಚ್ಚಬಹುದು. ನಮ್ಮ ಆಧಾರನ್ನ ಎಲ್ಲೆಲ್ಲಿ ಬಳಸಿದ್ದಾರೆ ಅನ್ನೋ ಆರು ತಿಂಗಳ ಚರಿತ್ರೆಯೂ ಸಿಗುತ್ತೆ. ಮೇಷ್ಟ್ರು ಅದನ್ನ ಉತ್ತರಪತ್ರಿಕೆ ತಿದ್ದೋ ಥರ ಸಾಲು ಸಾಲಾಗಿ ಟಿಕ್ ಹಾಕಿದರು.

ಆ ರಾತ್ರಿಯೇ ಸಂಚಾರ್ ಸಾಥಿ ತೆರೆದು, ಅವರ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿದೆವು. ಮೂರು. ಅಮ್ಮ ಅಡುಗೆಮನೆಯಿಂದಲೇ "ನಮ್ಮನೇಲಿರೋದು ಎರಡೇ ಅಲ್ವೇನ್ರಿ?" ಅಂದರು. ಮೂರನೆಯದು ನಮ್ಮದಲ್ಲ ಅಂತ ಅಲ್ಲೇ ಗುರುತು ಹಾಕಿದೆವು. ಸಿಇಎನ್ ಠಾಣೆಗೆ ಹೋದಾಗ ಅದರ ಪ್ರತಿಯೂ ಜೊತೆಗಿತ್ತು. ಗುರುತಿನ ಕಳವು ಅನ್ನೋದು ಐಟಿ ಕಾಯ್ದೆಯ 66ಸಿ ಪ್ರಕಾರ ಪ್ರತ್ಯೇಕ ಅಪರಾಧ. ಬರೀ "ದುಡ್ಡು ಹೋಯ್ತು" ಅಂತ ಬರೆದರೆ ಮುಂದೆ ತೊಂದರೆ, "ನನ್ನ ದಾಖಲೆಗಳೂ ಹೋಗಿವೆ" ಅಂತ ದೂರಲ್ಲಿ ಇರಲೇಬೇಕು.

ಯಾಕೆ ಅಂತ ಜನವರಿಯಲ್ಲಿ ಗೊತ್ತಾಯ್ತು. ಕ್ರೆಡಿಟ್ ರಿಪೋರ್ಟಲ್ಲಿ 25 ಸಾವಿರದ ಆಪ್ ಸಾಲ. ಜೀವನದಲ್ಲಿ ಕೈಸಾಲ ಕೂಡ ಮಾಡದವರು! 2022ರಲ್ಲಿ ನಟಿ ಸನ್ನಿ ಲಿಯೋನ್ ತಮ್ಮ ಪ್ಯಾನ್ ಮೇಲೆ ಯಾರೋ 2,000 ರೂಪಾಯಿ ಸಾಲ ಎತ್ತಿದ್ದಾರೆ ಅಂದಾಗ ನಾವೆಲ್ಲ ಮೀಮ್ ಮಾಡಿ ನಕ್ಕಿದ್ದೆವು. ಸಾಲ ಕೊಟ್ಟ ಕಂಪನಿ "ಸೆಲ್ಫಿ ಅವರದ್ದೇ ಇದೆಯಲ್ಲ ಸರ್" ಅಂತ ವಾದ ಮಾಡಿತು. ನವೆಂಬರಿನ ದೂರಿನ ಪ್ರತಿ ಕಳಿಸಿದ ಮೇಲೆ ದನಿ ತಗ್ಗಿತು. ಬ್ಯೂರೋದಲ್ಲಿ ತಕರಾರು ಹಾಕಿದೆವು. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅನ್ನೋ ನಿಯಮವನ್ನ ಮೇಷ್ಟ್ರೇ ಕೆಳಗೆ ಗೆರೆ ಎಳೆದು ಪತ್ರದಲ್ಲಿ ಬರೆದರು. 27ನೇ ದಿನ ಆ ಸಾಲ ರಿಪೋರ್ಟಿಂದ ಹೋಯ್ತು.

ನನಗೆ ಸಿಟ್ಟಿರೋದು ಇಲ್ಲಿ. ಅಮೆರಿಕದಲ್ಲಿ ಯಾರು ಬೇಕಾದರೂ ತಮ್ಮ ಕ್ರೆಡಿಟ್ ದಾಖಲೆಯನ್ನ ಉಚಿತವಾಗಿ ಫ್ರೀಜ್ ಮಾಡಬಹುದು, 2018ರಿಂದ ಅದು ಕಾನೂನು. ನಮಗೆ ಅಂಥ ಹಕ್ಕಿಲ್ಲ, ಬಾಗಿಲು ತೆರೆದಿಟ್ಟು ಕಾವಲು ಕೂರಬೇಕು. ಸದ್ಯಕ್ಕೆ ಒಂದು ಉಪಾಯ ಇದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಅಂತ ನಾಲ್ಕು ಬ್ಯೂರೋಗಳಿವೆ, ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಟ್ಟಿಗೆ ತೆಗೆಯದೆ ಮೂರು ತಿಂಗಳಿಗೊಂದು ತೆಗೆದರೆ ವರ್ಷಪೂರ್ತಿ ಕಣ್ಣಿಟ್ಟ ಹಾಗಾಯ್ತು.

ಹಾಂ, ಜೆರಾಕ್ಸ್ ಅಂಗಡಿ. ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಕೆಟ್ಟ ಪ್ರಿಂಟುಗಳ ಬುಟ್ಟಿಯಲ್ಲಿ ಯಾರ್ಯಾರದೋ ಆಧಾರ್ ನಗ್ತಾ ಬಿದ್ದಿರುತ್ತೆ. ಮೇಷ್ಟ್ರು ಈಗ ಕೊನೆಯ ನಾಲ್ಕೇ ಅಂಕಿ ಕಾಣೋ ಮಾಸ್ಕ್ಡ್ ಆಧಾರ್ ಕೊಡ್ತಾರೆ. ಅದರ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಅಡ್ಡಡ್ಡ ಬರೀತಾರೆ. ಕೆಟ್ಟ ಪ್ರತಿಯನ್ನ ಕೇಳಿ ಪಡೆದು ಅಲ್ಲೇ ಹರೀತಾರೆ.

ಹಿಡಿದಿಟ್ಟ 9 ಸಾವಿರ ಇನ್ನೂ ಬರಬೇಕು. ಮಿಕ್ಕಿದ್ದು ಬರಲ್ಲ ಅಂತ ಅವರಿಗೂ ಗೊತ್ತು. ಮಗನಿಗೆ ಇನ್ನೂ ಹೇಳಿಲ್ಲ. "ಏಪ್ರಿಲ್ ರಿಪೋರ್ಟ್ ಬರಲಿ, ಕ್ಲೀನ್ ಇದ್ರೆ ನಾನೇ ಫೋನ್ ಮಾಡ್ತೀನಿ" ಅಂದಿದ್ದಾರೆ. ಗೋಡೆಯ ಕ್ಯಾಲೆಂಡರಲ್ಲಿ ಆ ದಿನಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿಟ್ಟಿದ್ದಾರೆ.