ಮರೆತವರಿಗೊಂದು ಓಲೆ

ಕನ್ನಡದ ಮೇಷ್ಟ್ರಿಗೆ ಗಣಕಯಂತ್ರದ ಉಸಾಬರಿ ಏಕೆಂದು ನೀವು ಕೇಳಬಹುದು. ಕಳೆದ ಬೇಸಗೆಯ ರಜೆಯಲ್ಲಿ, ತೀರ್ಥಹಳ್ಳಿಯ ಸಮೀಪ ನನ್ನ ಸೋದರಮಾವನವರು ನಡೆಸುವ ಅತಿಥಿಗೃಹದಲ್ಲಿ, ಅದು ತಾನಾಗಿಯೇ ನನ್ನ ಕೊರಳಿಗೆ ಬಿತ್ತು.

ಅಲ್ಲಿ ಕೋಣೆಗಳನ್ನು ಆನ್‌ಲೈನಿನಲ್ಲಿ ಕಾದಿರಿಸುವ ಏರ್ಪಾಡಿದೆ. ಪಾಸ್‌ವರ್ಡ್ ಮರೆತವರಿಗೆ, ಹೊಸದನ್ನು ಇಟ್ಟುಕೊಳ್ಳಲು ಇ-ಮೇಲ್ ಹೋಗಬೇಕು. ಹೋಗುತ್ತಲೂ ಇತ್ತು, ತಲುಪುತ್ತಿರಲಿಲ್ಲ, ಅಷ್ಟೆ. "ಮರೆತದ್ದು ಅವರ ತಪ್ಪು" ಎಂದು ಮಾವನವರು ನಿಶ್ಚಿಂತರಾಗಿದ್ದರು.

ಒಂದು ಸಂಜೆ ವೃದ್ಧರೊಬ್ಬರು ಫೋನು ಮಾಡಿದರು. ಇ-ಮೇಲ್ ವಿಳಾಸ ಅವರದೇ. ಪಾಸ್‌ವರ್ಡ್ ಮಾತ್ರ ತೀರಿಕೊಂಡ ಪತ್ನಿಗೆ ಗೊತ್ತಿತ್ತು. "ಮೂರು ದಿನಗಳಿಂದ ಕಾಯುತ್ತಿದ್ದೇನೆ. ನಾನೇನು ತಪ್ಪು ಮಾಡುತ್ತಿರುವೆನೋ ತಿಳಿಯದು" ಎಂದರು. ಮಾವನವರು ಬಾಯಿಮಾತಿನಲ್ಲೇ ಕೋಣೆ ಕೊಟ್ಟರು. ಆದರೆ ಆ ಹಿರಿಯರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡದ್ದನ್ನು ನೆನೆದು ನನಗೆ ನಿದ್ರೆ ಹತ್ತಲಿಲ್ಲ.

ಹುಡುಕಿದಾಗ ಕಾರಣ ಸರಳವಾಗಿತ್ತು. 1982ರಲ್ಲಿ ರೂಪುಗೊಂಡ ಎಸ್‌ಎಂಟಿಪಿ ನಿಯಮದಂತೆ ಯಾರು ಯಾರ ಹೆಸರಿನಲ್ಲಾದರೂ ಇ-ಮೇಲ್ ಕಳುಹಿಸಬಹುದಾಗಿತ್ತು. ಆ ವಂಚನೆಯನ್ನು ತಡೆಯಲು ಎಸ್‌ಪಿಎಫ್, ಡಿಕೆಐಎಂ ಎಂಬ ಏರ್ಪಾಡುಗಳು ಬಂದವು. ಮೊದಲನೆಯದು, ನಮ್ಮ ಹೆಸರಿನಲ್ಲಿ ಕಳುಹಿಸಲು ಅಧಿಕಾರವುಳ್ಳ ಯಂತ್ರಗಳ ಪಟ್ಟಿ. ಎರಡನೆಯದು, ವಚನಕ್ಕೆ ಅಂಕಿತವಿದ್ದಂತೆ, ಓಲೆಗೊಂದು ರುಜು. ಇವೆರಡರಲ್ಲಿ ಒಂದಾದರೂ ಇರಬೇಕೆಂದು 2024ರ ಫೆಬ್ರವರಿಯಿಂದ ಜಿಮೇಲ್ ವಿಧಿಸಿದೆ. ನಮ್ಮಲ್ಲಿ ಎರಡೂ ಇರಲಿಲ್ಲ!

ಡೊಮೈನಿನ ದಾಖಲೆಯಲ್ಲಿ ಎರಡು ಸಾಲು ಸೇರಿಸಿ, ಕಳುಹಿಸುವ ಯಂತ್ರಕ್ಕೆ ರುಜು ಹಾಕುವುದನ್ನು ಕಲಿಸಿದೆ. ಮರುದಿನ ವೃದ್ಧರು "ಬಂತಪ್ಪಾ! ಹೊಸ ಪಾಸ್‌ವರ್ಡನ್ನು ಇನ್ನು ಮರೆಯಲಾರೆ" ಎಂದರು. ಅದೇನೆಂದು ನಾನು ಕೇಳಲಿಲ್ಲ. ಮಾವನವರೂ ಅಂದಿನಿಂದ, ತಪ್ಪು ಮರೆತವರದೆಂದು ಹೇಳುವುದನ್ನು ಬಿಟ್ಟಿದ್ದಾರೆ.