ಅಂಕಪಟ್ಟಿ ಹೇಳದ ಮಾತು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಹುಲ್ಲಹಳ್ಳಿಯ ನಮ್ಮ ಮನೆಯ ಜಗಲಿ ಖಾಲಿ ಇರುವುದಿಲ್ಲ. ಸುತ್ತಲ ಊರುಗಳ ತಂದೆ ತಾಯಂದಿರು ಮಕ್ಕಳ ಅಂಕಪಟ್ಟಿ ಹಿಡಿದು ಬರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: 'ಮುಂದಕ್ಕೆ ಏನು ಓದಿಸೋದು ಮೇಷ್ಟ್ರೇ?'

ಒಂದು ಕಾಲದಲ್ಲಿ ನನ್ನ ಬಳಿ ಸಿದ್ಧ ಉತ್ತರವಿತ್ತು. 80ರ ಮೇಲೆ ಬಂದಿದ್ದರೆ ಸೈನ್ಸ್, 60 ದಾಟಿದ್ದರೆ ಕಾಮರ್ಸ್, ಉಳಿದವರಿಗೆ ಆರ್ಟ್ಸ್, ಹೇಗೋ ಪಾಸಾದವರಿಗೆ ಐ.ಟಿ.ಐ. ಸಂತೆಯಲ್ಲಿ ಟೊಮೆಟೊ ಆರಿಸಿ ಗುಡ್ಡೆ ಹಾಕುವಂತೆ ಮಕ್ಕಳನ್ನು ಗುಡ್ಡೆ ಹಾಕುತ್ತಿದ್ದೆ. ಆ ಲೆಕ್ಕ ತಪ್ಪೆಂದು ಕಲಿಸಿದವನು ನನ್ನದೇ ಶಿಷ್ಯ.

ಸುಮಾರು 20 ವರ್ಷದ ಹಿಂದಿನ ಮಾತು. ಹುಲ್ಲಹಳ್ಳಿ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ರೈತರ ಮಗ. ತರಗತಿಗೆ ಮೊದಲಿಗ. ಶಾಲೆ ಬಿಟ್ಟೊಡನೆ ಮೋಟಾರ್ ರಿವೈಂಡಿಂಗ್ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ತಾಮ್ರದ ತಂತಿ ಸುತ್ತುವುದನ್ನೇ ನೋಡುತ್ತಿದ್ದ. 'ಎಲೆಕ್ಟ್ರಿಕಲ್ ಡಿಪ್ಲೊಮಾಗೆ ಸೇರ್ತೀನಿ ಸಾರ್' ಎಂದಾಗ ನನಗೆ ಸಿಟ್ಟೇ ಬಂತು. ಇಷ್ಟು ಅಂಕ ತೆಗೆದವನು ರಿಪೇರಿ ಕೆಲಸಕ್ಕೆ ಹೋಗುವುದೇ? ಡಾಕ್ಟರಾಗಲಿ ಎಂದು ಅವನ ತಂದೆಗೆ ಹೇಳಿದೆ. 'ನಮ್ಗೇನ್ ಗೊತ್ತು ಮೇಷ್ಟ್ರೇ, ನೀವು ಹೇಳ್ದಂಗೇಯ' ಎಂದವರು ಎರಡು ಹಸು ಮಾರಿ ಮಗನನ್ನು ಮೈಸೂರಿನ ಕಾಲೇಜಿಗೆ ಸೇರಿಸಿದರು.

ಕನ್ನಡದಲ್ಲಿ ಓದಿದ ಹುಡುಗನಿಗೆ ಎಲ್ಲ ಪಾಠವೂ ಇಂಗ್ಲಿಷಿನಲ್ಲಿ. ಜೊತೆಗೆ ಇಷ್ಟವಿಲ್ಲದ ಓದು. ದ್ವಿತೀಯ ಪಿ.ಯು.ಸಿ.ಯಲ್ಲಿ ಎರಡು ವಿಷಯ ಹೋದವು. ಆಮೇಲೆ ನನ್ನನ್ನು ಕಂಡರೆ ಬೀದಿ ಬದಲಿಸುತ್ತಿದ್ದ. ಎರಡು ವರ್ಷ ಹೊಲದಲ್ಲಿ ದುಡಿದು, ಕೊನೆಗೆ ತಾನೇ ಐ.ಟಿ.ಐ.ಗೆ ಸೇರಿದ. ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆದ. ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಹಿಂದೊಮ್ಮೆ ದೊಡ್ಡ ಜಾತ್ರೆಯಲ್ಲಿ ಸಿಕ್ಕಿ, ಹೆಂಡತಿಗೆ 'ನಮ್ಮ ಮೇಷ್ಟ್ರು' ಎಂದು ಪರಿಚಯಿಸಿ ಕಾಲಿಗೆರಗಿದ. ಹಳೆಯ ಮಾತು ಎತ್ತಲಿಲ್ಲ. ಅವನು ಬೈದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತೇನೋ.

ಅವನು ಕಳೆದುಕೊಂಡ ನಾಲ್ಕು ವರ್ಷಗಳನ್ನು ನಾನು ಹಿಂತಿರುಗಿಸಲಾರೆ. ಆದ್ದರಿಂದ ಈಗ ಜಗಲಿಗೆ ಬಂದವರಿಗೆ ದಾರಿಗಳನ್ನಷ್ಟೇ ತೋರಿಸುತ್ತೇನೆ. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆಂದೇ ಮೀಸಲು ಸೀಟುಗಳಿವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಕೇಳದವರಿಗೆ, ಮಾತು ಬಾರದವರಿಗೆ ನೆರವಾಗುವ ವಿದ್ಯೆ ಕಲಿಸುತ್ತಾರೆ. ಆದರೆ ಒಂದು ಎಚ್ಚರವಿರಲಿ: ಪಿ.ಯು.ಸಿ.ಯಲ್ಲಿ ಗಣಿತ ಬಿಟ್ಟರೆ ಇಂಜಿನಿಯರಿಂಗ್ ಇಲ್ಲ. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕೇ ಬೇಕು.

ಇಷ್ಟು ಹೇಳಿ, ತಂದೆ ತಾಯಿಯನ್ನು ಕಾಫಿಗೆ ಒಳಗೆ ಕಳಿಸಿ, ಹುಡುಗನನ್ನೋ ಹುಡುಗಿಯನ್ನೋ ಪಕ್ಕಕ್ಕೆ ಕೂರಿಸಿಕೊಳ್ಳುತ್ತೇನೆ. 'ಯಾರೂ ಹೇಳದಿದ್ದರೂ ನೀನಾಗಿಯೇ ಮಾಡುವ ಕೆಲಸ ಯಾವುದು?' ಎಂದು ಕೇಳುತ್ತೇನೆ. ಉತ್ತರ ಬೇಗ ಬರುವುದಿಲ್ಲ. ಮೊದಲು ಬಾಗಿಲ ಕಡೆ ನೋಡುತ್ತಾರೆ. ಪೋಷಕರೇ, ಅವರು ಹಾಗೆ ಹೆದರಿ ನೋಡುವುದು ನಿಮ್ಮನ್ನೇ. ಅಂಕಪಟ್ಟಿಯನ್ನು ನನ್ನ ಬಳಿಗೆ ತರುವ ಮುನ್ನ ಈ ಪ್ರಶ್ನೆಯನ್ನು ನೀವೇ ಒಮ್ಮೆ ಕೇಳಿ.