ಮೊದಲ ಲೆವೆಲ್‌ನಲ್ಲಿ ಎಲ್ಲರೂ ಗೆಲ್ತಾರೆ

1/6

ಫೋಟೋ ನೋಡಿ ನಗಬೇಡಿ. ಇದು ಅಪ್ಪನ ಜೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರ್. ಕೀಬೋರ್ಡ್‌ನಲ್ಲಿ ‘ಎನ್’ ಅಕ್ಷರ ಅಳಿಸಿಹೋಗಿ ಎಷ್ಟೋ ವರ್ಷ ಆಯ್ತು. ಮಾವ ಬೆಂಗಳೂರಿಂದ ತಂದುಕೊಟ್ಟ ಸಿಡಿ ಹಾಕಿ ನಾನು ಏಳನೇ ಕ್ಲಾಸಿಂದ ರೋಲರ್‌ಕೋಸ್ಟರ್ ಟೈಕೂನ್ ಆಡ್ತಿರೋದು ಇದರಲ್ಲೇ. 1999ರಲ್ಲಿ ಬಂದ ಗೇಮ್, ವಯಸ್ಸಲ್ಲಿ ನಮ್ಮೆಲ್ಲರಿಗಿಂತ ದೊಡ್ಡದು. ಸ್ಕಾಟ್ಲೆಂಡ್‌ನ ಕ್ರಿಸ್ ಸಾಯರ್ ಅನ್ನೋರು ಹೆಚ್ಚುಕಮ್ಮಿ ಇಡೀ ಗೇಮನ್ನ ಅಸೆಂಬ್ಲಿ ಭಾಷೆಯಲ್ಲಿ ಒಬ್ಬರೇ ಕೂತು ಬರೆದಿದ್ದು. ಬಿಸಿಎ ಓದ್ತಿರೋ ಫ್ರೆಂಡ್ಸ್‌ಗೆ ಇದು ಎಂಥ ಹುಚ್ಚು ಕೆಲಸ ಅಂತ ಗೊತ್ತಾಗುತ್ತೆ, ನಮ್ಮಂಥೋರು ಸುಮ್ನೆ ತಲೆ ಆಡಿಸೋಣ.

ಹೋದ ವಾರ ಸ್ಟೋರಿ ಹಾಕಿದ್ದಕ್ಕೆ ಮೂರು ಜನ ಮೆಸೇಜ್ ಮಾಡಿದ್ರಿ. “ಮೊದಲ್ನೇ ಪಾರ್ಕ್ ಒಂದೇ ಏಟಿಗೆ ಮುಗಿಸ್ದೆ ಕಣೇ, ಇಷ್ಟೇನಾ?” ಅಂತ. ಅದಕ್ಕೇ ಈ ಸಲದ ಕ್ಯಾಪ್ಶನ್ ಇಷ್ಟು ಉದ್ದ. ಇಷ್ಟೇ ಅಲ್ಲ ಕಣ್ರೋ. ಆ ‘ಇಷ್ಟೇನಾ’ ಅನ್ನೋ ಮಾತನ್ನ ನಾನೂ ಫಸ್ಟ್ ಸೆಮ್‌ನಲ್ಲಿ ಹೇಳಿದ್ದೆ, ಬೇರೆ ವಿಷಯಕ್ಕೆ.

2/6

ಮೊದಲ ಪಾರ್ಕ್ ಹೆಸರು ಫಾರೆಸ್ಟ್ ಫ್ರಾಂಟಿಯರ್ಸ್. ಕಾಡಿನ ಮಧ್ಯೆ ಮರ ಕಡಿದು ಸಿದ್ಧ ಮಾಡಿಟ್ಟ ಬಯಲು. ಮೊದಲ ವರ್ಷದ ಅಕ್ಟೋಬರ್ ಕೊನೆಗೆ ಪಾರ್ಕಲ್ಲಿ 250 ಜನ ಇರ್ಬೇಕು, ಪಾರ್ಕ್ ರೇಟಿಂಗ್ 600 ಇರ್ಬೇಕು. ರೇಟಿಂಗ್ ಇರೋದು 999ಕ್ಕೆ. ಗೇಮಲ್ಲಿ ವರ್ಷ ಅಂದ್ರೆ ಮಾರ್ಚ್‌ನಿಂದ ಅಕ್ಟೋಬರ್, ಎಂಟೇ ತಿಂಗಳು. ನಮ್ಮ ಗಡಿಯಾರದಲ್ಲಿ ಸುಮಾರು ಒಂದು ಗಂಟೆ. ಕೈಲಿರೋ ದುಡ್ಡು ಸಾಲದ್ದು, ಬಡ್ಡಿ ಕಟ್ಟಾಗ್ತಾ ಇರುತ್ತೆ, ಆದ್ರೆ ಅದು ನಿಮ್ಮ ಗಮನಕ್ಕೇ ಬರಲ್ಲ. ಒಂದು ಮೆರಿ ಗೋ ರೌಂಡ್, ಒಂದು ಚಿಕ್ಕ ಕೋಸ್ಟರ್, ಪಾನೀಯದ ಅಂಗಡಿ, ಕಸ ಗುಡಿಸೋಕೆ ಇಬ್ಬರು ಇದ್ರೆ ಜನ ತಾವಾಗೇ ಬರ್ತಾರೆ. ತಪ್ಪು ಮಾಡಿದ್ರೂ ಬರ್ತಾರೆ. ಗೆದ್ದಾಗ ಪಾರ್ಕಲ್ಲಿರೋ ಜನ ಎಲ್ಲ ಚಪ್ಪಾಳೆ ಹೊಡೀತಾರೆ. ಏಳನೇ ಕ್ಲಾಸಲ್ಲಿ ಅದನ್ನ ನೋಡಿ ನಾನು ಅಂಗಡಿಯಿಂದ ಎದ್ದು ಹೊರಗೆ ಓಡಿದ್ದೆ, ಅಮ್ಮಂಗೆ ಹೇಳೋಕೆ.

ಶುರುವಿನಲ್ಲಿ ಐದು ಪಾರ್ಕ್ ತೆರೆದಿರುತ್ತವೆ, ಒಂದೊಂದು ಗೆದ್ದ ಹಾಗೆ ಮುಂದಿನದರ ಬೀಗ ತೆಗೆಯುತ್ತೆ. ಒಟ್ಟು 21. ನಾನು ಅಂದ್ಕೊಂಡಿದ್ದು, ಲೆವೆಲ್ ಏರಿದ ಹಾಗೆ 250 ಹೋಗಿ 500, 500 ಹೋಗಿ 1000 ಆಗುತ್ತೆ ಅಷ್ಟೇ ಅಂತ. ಸ್ವಲ್ಪ ಹಾಗೂ ಆಗುತ್ತೆ. ಆದ್ರೆ ಐದನೇ ಪಾರ್ಕ್ ಎವರ್‌ಗ್ರೀನ್ ಗಾರ್ಡನ್ಸ್‌ನಲ್ಲಿ ನಂಗೆ ಕಷ್ಟ ಆಗಿದ್ದು 1000 ಅನ್ನೋ ಸಂಖ್ಯೆಯಿಂದ ಅಲ್ಲ. ಅದು ಮೊದಲೇ ಒಂದು ಚಂದದ ಉದ್ಯಾನ, ಉದ್ದುದ್ದ ಸುತ್ತಿ ಸುತ್ತಿ ಹೋಗೋ ದಾರಿಗಳು. ಬಂದ ಜನಕ್ಕೆ ದಾರಿ ತಪ್ಪುತ್ತೆ. ಗೇಟ್ ಸಿಗದೆ ಅಲೆದಾಡ್ತಾರೆ, ಸಿಟ್ಟಾಗ್ತಾರೆ, ರೇಟಿಂಗ್ ಬೀಳುತ್ತೆ. ನಾನು ಹೊಸ ರೈಡ್ ಮೇಲೆ ಹೊಸ ರೈಡ್ ಕಟ್ತಾನೇ ಇದ್ದೆ, ಯಾಕಂದ್ರೆ ಮೊದಲ ಪಾರ್ಕಲ್ಲಿ ಅದೇ ಕೆಲಸ ಮಾಡಿತ್ತು. ಇಲ್ಲಿ ಬೇಕಿದ್ದದ್ದು ದಾರಿ ಕೀಳೋದು. ಕಟ್ಟೋದಲ್ಲ, ಕೀಳೋದು! ನಾಲ್ಕು ವರ್ಷ ಟೈಮ್ ಕೊಡ್ತಾರೆ. ಮೂರನೇ ವರ್ಷದಲ್ಲಿ ನಂಗೆ ಹೊಳೀತು. ಆ ಸಲ ಸೋತೆ.

3/6

ಈಗ ಬೇರೆ ವಿಷಯ. ಕ್ಲಾಸಲ್ಲಿ ಕೆಲವರಿಗೆ ಗೊತ್ತು, ಹೆಚ್ಚಿನವರಿಗೆ ಗೊತ್ತಿಲ್ಲ. ಥರ್ಡ್ ಸೆಮ್‌ನಲ್ಲಿ ನಂಗೆ ಕಾಸ್ಟ್ ಅಕೌಂಟಿಂಗ್ ಹೋಯ್ತು.

ಫಸ್ಟ್ ಸೆಮ್‌ನಲ್ಲಿ ಫೈನಾನ್ಶಿಯಲ್ ಅಕೌಂಟಿಂಗ್‌ಗೆ ಕ್ಲಾಸಿಗೇ ಜಾಸ್ತಿ ತಗೊಂಡವಳು ನಾನೇ. ಫಾರ್ಮ್ಯಾಟ್ ಬಾಯಿಪಾಠ, ಪ್ರಾಬ್ಲಮ್ ಹತ್ತತ್ತು ಸಲ ಮಾಡೋದು, ಎಕ್ಸಾಮಲ್ಲಿ ಅದೇ ಬರುತ್ತೆ, ಮುಗೀತು. ಕಾಸ್ಟಿಂಗ್‌ಗೂ ಅದೇ ಮಾಡ್ದೆ. ಅಲ್ಲಿ ಓವರ್‌ಹೆಡ್ಡನ್ನ ಯಾವುದಕ್ಕೆ, ಯಾವ ಆಧಾರದ ಮೇಲೆ ಹಂಚಬೇಕು ಅಂತ ಯೋಚನೆ ಮಾಡ್ಬೇಕು. ನಾನು ಯೋಚನೆ ಮಾಡದೆ ಇನ್ನೂ ಇಪ್ಪತ್ತು ಪ್ರಾಬ್ಲಮ್ ಬರ್ದೆ. ಎವರ್‌ಗ್ರೀನ್ ಗಾರ್ಡನ್ಸ್ ಥರಾನೇ.

ಕಷ್ಟ ಅದಲ್ಲ. ರಿಸಲ್ಟ್ ದಿನ ಊರಿನ ಅರ್ಧ ಹುಡುಗರು ಪ್ರಿಂಟ್ ತೆಗೆಸೋಕೆ ಬರೋದು ನಮ್ಮ ಅಂಗಡಿಗೇ. ಬೆಳಿಗ್ಗೆ ಆರಕ್ಕೇ ಫೋನಲ್ಲಿ ನಂದು ನೋಡ್ಕೊಂಡಿದ್ದೆ. ಆಮೇಲೆ ಇದೇ ಕಂಪ್ಯೂಟರ್ ಮುಂದೆ ಕೂತು ರಾತ್ರಿ ಎಂಟರವರೆಗೂ ನಿಮ್ಮೆಲ್ಲರ ರಿಜಿಸ್ಟರ್ ನಂಬರ್ ಟೈಪ್ ಮಾಡ್ದೆ. ಕಂಗ್ರಾಟ್ಸ್ ಅಂದೆ. ಒಬ್ಬಳು ಅತ್ತಾಗ ಸಮಾಧಾನಾನೂ ಮಾಡ್ದೆ (ನೀನೇ, ಓದ್ತಿದೀಯಲ್ಲ, ಸಾರಿ). ಶಟರ್ ಎಳೆಯುವಾಗ ಅಪ್ಪ, “ನಿಂದೊಂದು ಪ್ರಿಂಟ್ ತೆಗ್ದಿಲ್ವಲ್ಲಮ್ಮ” ಅಂದ್ರು. “ನಂದು ಓಪನ್ ಆಗ್ತಿಲ್ಲಪ್ಪ, ಸರ್ವರ್ ಪ್ರಾಬ್ಲಮ್” ಅಂದೆ.

ಆ ಸರ್ವರ್ ಪ್ರಾಬ್ಲಮ್ ಎರಡು ತಿಂಗಳು ಇತ್ತು. ರಾತ್ರಿ ಓದ್ತೀನಿ ಅಂತ ಕೂತು ಪಾರ್ಕ್ ಕಟ್ತಿದ್ದೆ.

4/6

ಆ ಎರಡು ತಿಂಗಳಲ್ಲಿ ಸಿಕ್ಕಿದ್ದು 16ನೇ ಪಾರ್ಕ್, ಕ್ರಂಬ್ಲಿ ವುಡ್ಸ್. ನನ್ನ ಪ್ರಕಾರ ಇಡೀ ಗೇಮಿನಲ್ಲಿ ಜಾಣತನದ ಲೆವೆಲ್ ಅಂದ್ರೆ ಇದು. ಶುರುವಿನಲ್ಲೇ ದೊಡ್ಡ ಪಾರ್ಕ್, ಒಳ್ಳೊಳ್ಳೆ ರೈಡ್‌ಗಳು, ಎಲ್ಲ ಓಡ್ತಿವೆ. ಏನೂ ಕೆಟ್ಟಿಲ್ಲ. ಆದ್ರೆ ಎಲ್ಲವೂ ಹಳೇವು.

ಗೇಮ್ ಒಳಗೆ ರೈಡ್‌ಗೆ ವಯಸ್ಸಾದ ಹಾಗೆ ಜನ ಅದಕ್ಕೆ ಕೊಡೋಕೆ ಒಪ್ಪೋ ದುಡ್ಡು ಇಳೀತಾ ಹೋಗುತ್ತೆ. ರೈಡ್ ಅದೇ, ಥ್ರಿಲ್ ಅದೇ, ಸುತ್ತು ಅದೇ. ಆದ್ರೂ ಹೊಸದರಲ್ಲಿ ಕೊಟ್ಟಷ್ಟು ಕೊಡಲ್ಲ. ರಿಪೇರಿಗೂ ಜಾಸ್ತಿ ನಿಲ್ಲುತ್ತೆ. ಇದು ಮೊದಲ ಪಾರ್ಕಲ್ಲೂ ಇದ್ದ ನಿಯಮಾನೇ, ಅಲ್ಲಿ ಒಂದೇ ವರ್ಷದ ಆಟ ಆಗಿದ್ರಿಂದ ನಮಗೆ ತಟ್ಟಿರಲಿಲ್ಲ. ಕಷ್ಟ ಹೆಚ್ಚಿಸೋಕೆ ಸಾಯರ್ ಇಲ್ಲಿ ಹೊಸದೇನೂ ಸೇರಿಸಿಲ್ಲ. ಹಳೇ ನಿಯಮ ಮೊದಲ ದಿನದಿಂದಲೇ ಕಚ್ಚೋ ಹಾಗೆ ಮಾಡಿದಾರೆ. ಜನರ ಮೇಲೆ ಕ್ಲಿಕ್ ಮಾಡಿದ್ರೆ ಅವರ ಮನಸ್ಸಲ್ಲಿರೋದು ಕಾಣುತ್ತೆ: ಇದಕ್ಕೆ ಇಷ್ಟು ದುಡ್ಡು ಕೊಡಲ್ಲ, ಇದಕ್ಕೆ ಇಷ್ಟು ಕೊಡಲ್ಲ. ಸಾಲು ಸಾಲು.

ಡಿಪ್ರಿಸಿಯೇಶನ್‌ನ ನಾವು ಪರ್ಸೆಂಟ್ ಹಾಕಿ ಕಳೀತೀವಿ ಅಷ್ಟೇ ಅಲ್ವಾ? ಅದು ಹೀಗೆ ಒಬ್ಬ ಮನುಷ್ಯ ಕ್ಯೂ ಹತ್ರ ಬಂದು, ಬೆಲೆ ನೋಡಿ, ವಾಪಸ್ ಹೋಗೋದು ಅಂತ ನಂಗೆ ಹೊಳೆದಿದ್ದು ಅವತ್ತು ರಾತ್ರಿ.

ಮಾರನೇ ದಿನ ಅಂಗಡಿಯಲ್ಲಿ ಮೆಷಿನ್ ಕಡೆ ನೋಡ್ದೆ. ಅಪ್ಪನ ಜೆರಾಕ್ಸ್ ಮೆಷಿನ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಕಾಪಿ ಮೇಲೆ ಎಡಗಡೆ ಒಂದು ಸಣ್ಣ ಕಪ್ಪು ಗೆರೆ ಬರುತ್ತೆ. ನೀವ್ಯಾರೂ ಹೇಳಿಲ್ಲ. ಆದ್ರೆ ಪ್ರಾಜೆಕ್ಟ್ ರಿಪೋರ್ಟ್ ತೆಗೆಸೋಕೆ ಬಸ್‌ಸ್ಟ್ಯಾಂಡ್ ಹತ್ರದ ಅಂಗಡಿಗೆ ಹೋಗ್ತೀರಿ. ನಂಗೆ ಗೊತ್ತು, ಬೈಂಡಿಂಗ್ ನೋಡಿದ್ರೆ ಗೊತ್ತಾಗುತ್ತೆ. ಬೇಜಾರಿಲ್ಲ.

ಅವತ್ತೇ ಹೇಳ್ಬಿಟ್ಟೆ. ಅಪ್ಪ, ಕಾಸ್ಟಿಂಗ್ ಹೋಗಿದೆ ಅಂತ.

ಅವರು ಡ್ರಾಯರ್ ಎಳೆದು, ಬಿಲ್ ಬುಕ್ ಕೆಳಗಿಂದ ಒಂದು ಹಾಳೆ ತೆಗೆದ್ರು. ನನ್ನ ರಿಸಲ್ಟ್. ಅದೇ ದಿನದ್ದು. ಎಡಗಡೆ ಕಪ್ಪು ಗೆರೆ. ನನ್ನ ಹಾಲ್ ಟಿಕೆಟ್ ಜೆರಾಕ್ಸ್ ಮಾಡಿಟ್ಟಿದ್ದೇ ಅವರಲ್ವಾ, ನಂಬರ್ ಗೊತ್ತಿರುತ್ತೆ. ನಾನು ಊಟಕ್ಕೆ ಅಂತ ಮನೆಗೆ ಹೋಗಿದ್ದಾಗ ತೆಗೆದಿದ್ದಂತೆ. “ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ” ಅಂದ್ರು. ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು.

ಆಮೇಲೆ ಯಾವ ಚಾಪ್ಟರ್ ಅಂತ ಕೇಳಿದ್ರು. ಮೆಷಿನ್ ಅವರ್ ರೇಟ್ ಅಂದೆ. ಏನದು ಅಂದ್ರು. ವಿವರಿಸೋಕೆ ಹೋಗಿ ಅರ್ಧದಲ್ಲಿ ನಿಂತೆ. ಯಾಕಂದ್ರೆ ಟೋನರ್ ಎಷ್ಟು ಕಾಪಿಗೆ ಬರುತ್ತೆ, ಡ್ರಮ್ ಎಷ್ಟಕ್ಕೆ, ಕರೆಂಟ್ ಎಷ್ಟು, ಸರ್ವಿಸ್ ಹುಡುಗ ಬಂದ್ರೆ ಎಷ್ಟು ಅಂತ ಅವರು ಬೆರಳೆಣಿಕೆಯಲ್ಲಿ ಹೇಳ್ತಾ ಹೋದ್ರು. ಮೆಷಿನ್ ನಿಂತಿರೋ ಹೊತ್ತಿಗೂ ಬಾಡಿಗೆ ಓಡ್ತಿರುತ್ತೆ ಅಂದ್ರು. ಪುಸ್ತಕದಲ್ಲಿರೋ ಸ್ಟ್ಯಾಂಡಿಂಗ್ ಚಾರ್ಜಸ್ ಅದೇ. ಹತ್ತನೇ ಕ್ಲಾಸ್ ಓದಿದ ಮನುಷ್ಯ. ಇಡೀ ಪ್ರಾಬ್ಲಮ್ ನನ್ನ ಮನೇಲೇ ಇತ್ತು, ನಾನು ಅದರ ಪಕ್ಕದಲ್ಲೇ ಕೂತು ಫೇಲ್ ಆಗಿದ್ದೆ.

5/6

ಮಧ್ಯದ ಕೆಲವು ಪಾರ್ಕ್‌ಗಳ ಬಗ್ಗೆ ಹೇಳೋಕೆ ಹೆಚ್ಚಿಲ್ಲ, ನೀವೇ ಆಡಿ. ಡಿಂಕಿ ಪಾರ್ಕ್ ಇಕ್ಕಟ್ಟು. ಐವರಿ ಟವರ್ಸ್‌ಗೆ ಹೋದ್ರೆ ಮೊದಲು ಗುಡಿಸೋದೇ ಕೆಲಸ.

ಒಂದು ಟ್ರಿಕ್ ಮಾತ್ರ ಹೇಳ್ಲೇಬೇಕು. ಇನ್ಫರ್ಮೇಶನ್ ಕಿಯೋಸ್ಕ್‌ನಲ್ಲಿ ಛತ್ರಿ ಮಾರ್ತಾರೆ. ಮಳೆ ಶುರುವಾದ ತಕ್ಷಣ ಬೆಲೆ ಎಷ್ಟೇ ಏರಿಸಿ, ಜನ ತಗೋತಾರೆ. ಇನೆಲಾಸ್ಟಿಕ್ ಡಿಮ್ಯಾಂಡ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಎಕ್ಸಾಮಲ್ಲಿ ಬರೆಯೋಕೆ ಸಿಗಲ್ಲ. ಅಪ್ಪಂಗೂ ಹೇಳ್ದೆ: ಸ್ಕಾಲರ್‌ಶಿಪ್‌ಗೆ ಕೊನೇ ದಿನ ಕ್ಯೂ ಇರುತ್ತಲ್ಲ, ಅವತ್ತು ಕಾಪಿಗೆ ಒಂದು ರೂಪಾಯಿ ಜಾಸ್ತಿ ಮಾಡು ಅಂತ. “ಮಾರನೇ ದಿನಾನೂ ಅಂಗಡಿ ತೆಗೀಬೇಕಲ್ಲಮ್ಮ” ಅಂದ್ರು. ಗೇಮಲ್ಲಿ ಆ ತೊಂದರೆ ಇಲ್ಲ, ಛತ್ರಿ ತಗೊಂಡೋರು ಅದನ್ನ ನೆನಪಿಟ್ಕೊಳ್ಳಲ್ಲ.

20ನೇದು ರೇನ್‌ಬೋ ವ್ಯಾಲಿ. ಅಲ್ಲಿನ ಸ್ಥಳೀಯ ಆಡಳಿತ ನೆಲ ಏರಿಸೋಕೆ, ತಗ್ಗಿಸೋಕೆ ಬಿಡಲ್ಲ. ದೊಡ್ಡ ಮರ ಮುಟ್ಟೋ ಹಾಗಿಲ್ಲ. ಅಲ್ಲೀವರೆಗೂ ಹತ್ತೊಂಬತ್ತು ಪಾರ್ಕಲ್ಲಿ ನಾನು ಮೊದಲು ಮಾಡ್ತಿದ್ದ ಕೆಲಸ ನೆಲ ಸಮ ಮಾಡೋದು! ಇಲ್ಲಿ ಗುಡ್ಡ ಹೇಗಿದೆಯೋ ಹಾಗೇ ಕೋಸ್ಟರ್ ಹೋಗ್ಬೇಕು, ಮರಗಳ ಸಂದಿಯಲ್ಲಿ ಕಂಬ ಇಳಿಸ್ಬೇಕು. ಎರಡು ಸಲ ಸೋತೆ. ಸೋತಾಗ ಏನಾಗುತ್ತೆ ಅಂತ ನಿಮಗೆ ಹೇಳಿಲ್ಲ. ನೀವು ಗುರಿ ಮುಟ್ಟಲಿಲ್ಲ ಅಂತ ಒಂದು ಬಾಕ್ಸ್ ಬರುತ್ತೆ. ಅದನ್ನ ಕ್ಲೋಸ್ ಮಾಡಿದ್ರೆ ಹಿಂದೆ ಪಾರ್ಕ್ ನಡೀತಾನೇ ಇರುತ್ತೆ. ಕ್ಯೂ ಇರುತ್ತೆ, ಐಸ್‌ಕ್ರೀಮ್ ಮಾರ್ತಿರ್ತಾರೆ, ಯಾರೋ ವಾಂತಿ ಮಾಡ್ತಿರ್ತಾರೆ. ಮೊದಲ ಸಲ ಸೋತಾಗ ನಾನು ಗೇಮೇ ಆಫ್ ಮಾಡಿದ್ದೆ. ರೇನ್‌ಬೋ ವ್ಯಾಲಿಯಲ್ಲಿ ಸೋತ ಮೇಲೂ ಒಂದು ವರ್ಷ ಆಡ್ದೆ, ಎಲ್ಲಿ ತಪ್ಪಾಯ್ತು ನೋಡೋಕೆ. ಆಮೇಲೆ ಮೂರನೇ ಸಲಕ್ಕೆ ಆಯ್ತು.

ಕಾಸ್ಟಿಂಗ್ ಪೇಪರ್ ಇನ್ನೂ ಆಗಿಲ್ಲ. ಈ ಸಲ ಫಿಫ್ತ್ ಸೆಮ್ ಪೇಪರ್‌ಗಳ ಜೊತೆ ಅದನ್ನೂ ಬರೀತಿದೀನಿ. ರಿಸಲ್ಟ್ ದಿನ ನಂದೇ ಮೊದಲು ಟೈಪ್ ಮಾಡ್ತೀನಿ, ಬಂದು ನೋಡಿ.

6/6

21 ಪಾರ್ಕೂ ಗೆದ್ದ ಮೇಲೆ ಇನ್ನೊಂದು ತೆರೆಯುತ್ತೆ, ಮೆಗಾ ಪಾರ್ಕ್. ಹೋದ ತಿಂಗಳು ತೆರೀತು. ಎಂಟು ವರ್ಷ ಕಾದಿದ್ದೆ. ಗುರಿ ಏನು ಅಂತ ನೋಡಿದ್ರೆ, ಮಜಾ ಮಾಡಿ ಅಂತ ಇದೆ. ಇಷ್ಟು ಜನ ಅಂತಿಲ್ಲ, ಇಂಥ ಅಕ್ಟೋಬರ್ ಅಂತಿಲ್ಲ. ನೆಲ ನೋಡಿದ್ರೆ ಅಗಾಧ.

ಕೊನೇ ಫೋಟೋ ಅದರದ್ದೇ. ಮೂರು ವಾರ ಏನೂ ಕಟ್ಟಿರಲಿಲ್ಲ ನಾನು. ಈಗೀಗ ಮನೆಗೆ ಬಂದೋರೆಲ್ಲ ಡಿಗ್ರಿ ಆದ್ಮೇಲೆ ಏನಮ್ಮ, ಸಿಎ ಮಾಡ್ತೀಯಾ, ಬ್ಯಾಂಕ್ ಎಕ್ಸಾಮಾ, ಮದುವೇನಾ ಅಂತ ಕೇಳ್ತಾರೆ. ನಿಮ್ಮನೇಲೂ ಕೇಳ್ತಿರ್ತಾರೆ. ಪರ್ಸೆಂಟೇಜ್ ಎಷ್ಟು ಅಂತ ಕೇಳಿದ್ರೆ ಹೇಳಬಹುದು, ಇದಕ್ಕೆ ಏನ್ ಹೇಳೋದು ಗೊತ್ತಾಗಲ್ಲ. ಆ ಖಾಲಿ ನೆಲ ನೋಡಿದಾಗ್ಲೂ ಹೊಟ್ಟೆಯಲ್ಲಿ ಅದೇ ಥರ ಆಗ್ತಿತ್ತು.

ಮೊನ್ನೆ ಮಧ್ಯಾಹ್ನ ಗಿರಾಕಿ ಇರಲಿಲ್ಲ. ಅಪ್ಪ ಹಿಂದೆ ಬಂದು ನಿಂತು ನೋಡಿದ್ರು.

“ಏನ್ ಮಾಡ್ಬೇಕು ಇದ್ರಲ್ಲಿ?”

“ಖುಷಿಯಾಗಿರ್ಬೇಕಂತೆ.”

“ಹಂಗಂದ್ರೆ?”

“ಗೊತ್ತಿಲ್ಲಪ್ಪ. ಎಲ್ಲಿಂದ ಶುರು ಮಾಡೋದು ಅಂತಾನೇ ತಿಳೀತಿಲ್ಲ.”

ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. “ಮೊದ್ಲು ಟಾಯ್ಲೆಟ್ ಕಟ್ಟು. ಜನ ದೂರದಿಂದ ಬರ್ತಾರೆ” ಅಂದ್ರು. ಅಷ್ಟರಲ್ಲಿ ಯಾರೋ ಆಧಾರ್ ಕಾಪಿಗೆ ಬಂದ್ರು, ಎದ್ದು ಹೋದ್ರು.

ಟಾಯ್ಲೆಟ್ ಕಟ್ಟಿದೀನಿ, ಫೋಟೋದಲ್ಲಿ ಬಲಗಡೆ ಮೂಲೆಯಲ್ಲಿ ಕಾಣುತ್ತೆ. ಗೇಟ್ ಇನ್ನೂ ತೆರೆದಿಲ್ಲ.